ಮೂತಿ ಕೂಡ್ತದೆ, ಮಾತು ಕೂಡೂದಿಲ್ಲ!

ಶಿರಸಿ: ಇಸಳೂರು ಸೀಮೆಯಲ್ಲಿ ಬೆಳಗಾಯಿತೆಂದರೆ ಹಾಲಿನ ಕ್ಯಾನು, ಮೊದಲ ಬಸ್ಸು ಎರಡೂ ರಸ್ತೆಗೆ ಬಿದ್ದವೆಂದೇ ಲೆಕ್ಕ. ಡೇರಿಯಲ್ಲಿ ಹಾಲು ಅಳೆಯಬೇಕು, ಫ್ಯಾಟು ನೋಡಬೇಕು, ಚೀಟಿ ಕೊಡಬೇಕು. ಲೀಟರಿಗೆ ಎಷ್ಟು ರೂಪಾಯಿ ಎಂಬುದು ಆ ಫ್ಯಾಟಿನ ಅಂಕಿಯ ಮೇಲೇ ನಿಂತಿದೆ.

ಒಂದು ಡೇರಿಯಲ್ಲಿ ಹಾಲು ಪರೀಕ್ಷೆಯ ಯಂತ್ರ ಕೆಟ್ಟು ಹೊಸದು ಬಂತೆನ್ನಿ. ಕಂಪ್ಯೂಟರ್ ಮಾತ್ರ ಹಳೆಯದೇ. ಅದರ ಬೆನ್ನಿಗೆ ಒಂಬತ್ತು ಕಡ್ಡಿಯ ಸೀರಿಯಲ್ ಪೋರ್ಟು. ಹೊಸ ಯಂತ್ರಕ್ಕೆ ಯುಎಸ್‌ಬಿ ಒಂದೇ. ಪೇಟೆಯಿಂದ ಯುಎಸ್‌ಬಿ-ಸೀರಿಯಲ್ ಕೇಬಲ್ಲು, ಜೊತೆಗೊಂದು ಜೋಡಣೆ ತುಂಡು ತಂದು ಸಿಕ್ಕಿಸಿದರೆ ಮೂತಿ ಕೂಡ್ತದೆ. ಪರದೆಯ ಮೇಲೆ ಒಂದಂಕಿಯೂ ಬರೂದಿಲ್ಲ. "ಡೂಪ್ಲಿಕೇಟ್ ಮಾಲು ಮಾರಾಯಾ!" ಎಂದು ಅಂಗಡಿಯವನಿಗೆ ಬೈಗುಳ.

ತಪ್ಪು ಕೇಬಲ್ಲಿನದೂ ಅಲ್ಲ, ಅಂಗಡಿಯವನದೂ ಅಲ್ಲ. ಸೀರಿಯಲ್ ಪದ್ಧತಿ 1960ರದು. ಅದರಲ್ಲಿ ಎರಡೂ ಕಡೆಯವರು ಬೇಲಿಯ ಆಚೀಚೆ ನಿಂತ ನೆರೆಮನೆಯವರಂತೆ. ಯಾರು ಬೇಕಾದರೂ ಮೊದಲು ಬಾಯಿ ತೆರೆಯಬಹುದು. 1996ರಲ್ಲಿ ಬಂದ ಯುಎಸ್‌ಬಿ ಶಾಲೆಯ ಹಾಜರಿಯಂತೆ. ಮಾಸ್ತರು ಹೆಸರು ಕರೆದರೆ ಮಾತ್ರ ಹುಡುಗ ಮಾತಾಡಬೇಕು. ಕಂಪ್ಯೂಟರ್ ಮಾಸ್ತರು, ಯಂತ್ರ ಹುಡುಗ. ಪೇಟೆಯಲ್ಲಿ ಸಿಗುವ ಕೇಬಲ್ಲಿನ ಹೊಟ್ಟೆಯಲ್ಲಿರುವ ಚಿಪ್ಪೂ ಹುಡುಗನೇ. ಹೊಸ ಕಂಪ್ಯೂಟರಿಗೆ ಹಳೆ ಯಂತ್ರ ಜೋಡಿಸಲಿಕ್ಕೆ ಮಾಡಿದ್ದು ಅದು. ತಿರುಗಿಸಿ ಹಾಕಿದರೆ ಹುಡುಗರಿಬ್ಬರು, ಮಾಸ್ತರಿಲ್ಲ!

ವೈರು ಕತ್ತರಿಸಿ ನೇರ ಬೆಸೆಯುವ ಸಾಹಸಕ್ಕಂತೂ ಕೈಹಾಕಲೇಬಾರದು. ಸೀರಿಯಲ್ಲಿನಲ್ಲಿ 12 ವೋಲ್ಟಿನ ಆಸುಪಾಸು ಪ್ಲಸ್ಸೂ ಮೈನಸ್ಸೂ ಓಡಾಡುತ್ತದೆ. ಯುಎಸ್‌ಬಿಯದು 5 ವೋಲ್ಟಿನ ಸಂಸಾರ. ಯಂತ್ರ ಸುಟ್ಟೀತು.

ಹಾಗಾದರೆ ಎಂತ ಮಾಡೂದು? ದಾರಿ ಮೂರಿವೆ. ಒಂದು, ಯಂತ್ರ ಕೊಳ್ಳುವಾಗಲೇ ಬೆನ್ನು ತಿರುಗಿಸಿ ನೋಡುವುದು. ಸೀರಿಯಲ್ಲು, ಯುಎಸ್‌ಬಿ ಎರಡೂ ಇರುವ ಹಾಲು ಪರೀಕ್ಷೆ ಯಂತ್ರಗಳು ಸಿಗುತ್ತವೆ. ಎರಡು, ಹಳೆ ಕಂಪ್ಯೂಟರಿನಲ್ಲೇ ಯುಎಸ್‌ಬಿ ಇದೆಯೋ ಹುಡುಕುವುದು. ಇದ್ದರೂ ಅದರ ವಿಂಡೋಸಿಗೆ ಹೊಂದುವ ಡ್ರೈವರ್ ಸಿಗುತ್ತದೆಯೇ ಎಂದು ಮೊದಲೇ ಕೇಳಬೇಕು. ಡಾಸ್ ಕಾಲದ ಲೆಕ್ಕದ ಪ್ರೋಗ್ರಾಂ ಆದರೆ ಯುಎಸ್‌ಬಿಯ ಗುರುತೇ ಅದಕ್ಕಿಲ್ಲ.

ಮೂರನೆಯದು ನಡುವೆ ಒಬ್ಬ ದಲ್ಲಾಳಿಯನ್ನು ಕೂರಿಸುವುದು. 2012ರಿಂದ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಕಂಪ್ಯೂಟರ್ ಇದಕ್ಕೆ ಸಾಕು. ಯುಎಸ್‌ಬಿ ಯಂತ್ರಕ್ಕೆ ಇದೇ ಮಾಸ್ತರು. ಬೈಸಿಕೊಂಡ ಅದೇ ಕೇಬಲ್ಲನ್ನು ಇದರ ಇನ್ನೊಂದು ತೂತಿಗೆ ಹಾಕಿ, ಹೇಳುವ ತಂತಿ ಕೇಳುವ ತಂತಿಗೆ ಅದಲುಬದಲಾಗುವ ಕ್ರಾಸ್ ಕೇಬಲ್ಲಿನಿಂದ ಹಳೆ ಕಂಪ್ಯೂಟರಿಗೆ ಜೋಡಿಸಬೇಕು. ಅಂಕಿ ಓದಿ ದಾಟಿಸಲು ಸಣ್ಣ ಪ್ರೋಗ್ರಾಂ ಬರೆಯಬಲ್ಲವರು ಬೇಕು. ಎರಡು ಕಡೆಯ ವೇಗವೂ ಒಂದೇ ಇರಬೇಕು. ಒಂದು 9600, ಇನ್ನೊಂದು 2400 ಆದರೆ ಪರದೆ ತುಂಬ ಕಾಗೆ ಕಾಲು.

ಮಲೆನಾಡಿನವರಿಗೆ ಮತ್ತೊಂದು ಮಾತು. ಮಳೆ ಹಿಡಿಯುವ ಮುಂಚಿನ ಗುಡುಗಿಗೆ ಕರೆಂಟಿನ ಪ್ಲಗ್ಗು ಮಾತ್ರ ಕಿತ್ತರೆ ಸಾಲದು, ಈ ಕೇಬಲ್ಲನ್ನೂ ಕೀಳಬೇಕು. ಸಿಡಿಲಿನ ಹೊಡೆತ ಅದರಲ್ಲೂ ಹಾದು ಬರುತ್ತದೆ.

ಇಷ್ಟೆಲ್ಲ ಯಾಕೆ, ನೋಡಿ ಕೈಯಲ್ಲೇ ಬರೆದರಾಯಿತಲ್ಲ ಎನ್ನಬಹುದು. ಪಾಳಿಯ ಗಡಿಬಿಡಿಯಲ್ಲಿ 4.7 ಇದ್ದದ್ದು 4.1 ಆದರೆ ನಷ್ಟ ಯಾರಿಗೆ? ಎಮ್ಮೆ ಕಟ್ಟಿದವಳಿಗೆ. ಬಿಲ್ಲಿನ ದಿನ ಆಕೆ ಕೇಳಿದರೆ ತೋರಿಸಲು ಸಾಕ್ಷಿಯೂ ಇಲ್ಲ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಂಪ್ಯೂಟರಿಗೆ ಜೋಡಿಸಿದ ಅಡಿಕೆ ಅಂಗಡಿಯವರಿಗೂ ಇದೇ ಪಾಠ. ದುಡ್ಡು ಎಣಿಸುವ ಮೊದಲು "ಇದರಲ್ಲಿ ಮಾಸ್ತರು ಯಾರು?" ಎಂದು ಕೇಳಿ.