ಜಾರುವ ಮೊಣಕಾಲ ಚಿಪ್ಪು

ಬಾವಿಯಲ್ಲಿ ನೀರು ಸೇದುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹಗ್ಗವನ್ನು ನೇರವಾಗಿ ಎಳೆದರೆ ಅದು ರಾಟೆಯ ಕೊರಕಲಿನಲ್ಲಿಯೇ ಓಡುತ್ತದೆ. ಓರೆಯಾಗಿ ಎಳೆದರೆ, ಇಲ್ಲವೆ ಕೊರಕಲು ಸವೆದಿದ್ದರೆ, ಪಕ್ಕಕ್ಕೆ ಹಾರಿಬಿಡುತ್ತದೆ. ನಮ್ಮ ಮೊಣಕಾಲಿನಲ್ಲಿಯೂ ಇಂಥದೇ ಏರ್ಪಾಡಿದೆ. ತೊಡೆಯ ಮುಂಭಾಗದ ಸ್ನಾಯುವೇ ಹಗ್ಗ. ತೊಡೆಯೆಲುಬಿನ ಕೆಳತುದಿಯ ತಗ್ಗೇ ಕೊರಕಲು. ಆ ತಗ್ಗಿನಲ್ಲಿ ಮೇಲೆ ಕೆಳಗೆ ಜಾರುವ ಸಣ್ಣ ಎಲುಬೇ ಮೊಣಕಾಲ ಚಿಪ್ಪು.

ಚಿಪ್ಪಿನ ಮೇಲಣ ಎಳೆತವೂ ಕೆಳಗಣ ಎಳೆತವೂ ಒಂದೇ ರೇಖೆಯಲ್ಲಿಲ್ಲ. ಇವುಗಳ ನಡುವೆ ಸುಮಾರು 15 ಡಿಗ್ರಿಗಳ ಓರೆ ಸಹಜವಾದುದು. ಎರಡು ಎಳೆತಗಳೂ ಸಮವೆಂದು ಭಾವಿಸಿ ಬಲಗಳ ಸಮಾಂತರ ಚತುರ್ಭುಜವನ್ನು ರಚಿಸಿದರೆ, ಎಳೆತದ ಕಾಲುಭಾಗದಷ್ಟು ಬಲವು ಚಿಪ್ಪನ್ನು ಹೊರಮಗ್ಗುಲಿಗೆ ತಳ್ಳುತ್ತದೆಂದು ತಿಳಿಯುವುದು. ಇದನ್ನು ತಡೆಯುವುದು ತಗ್ಗಿನ ಹೊರಗೋಡೆ ಮತ್ತು ಒಳಮಗ್ಗುಲಿನ ಅಸ್ಥಿಬಂಧ. ತಗ್ಗು ಆಳವಿಲ್ಲದ, ಚಿಪ್ಪು ಮೇಲಕ್ಕಿರುವ, ಮೊಣಕಾಲುಗಳು ಒಂದಕ್ಕೊಂದು ತಾಗುವ ಮಕ್ಕಳಲ್ಲಿ ಈ ತಡೆ ಸಾಲದೆ ಚಿಪ್ಪು ಹೊರಕ್ಕೆ ಜಾರುತ್ತದೆ.

ಕುರಕುಂಟಾ, ಸೇಡಂ, ಶಹಾಬಾದ್ ಕಡೆಯ ಮನೆಗಳಲ್ಲಿ ಫರಸಿಯ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಏಳುವುದು ದಿನದ ಮಾತು. ಮಗು ಏಳುವಾಗ ಮತ್ತೆ ಮತ್ತೆ ಬಿದ್ದರೆ, ಕಾಲು ಉಳುಕಿತೆಂದು ಎಣ್ಣೆ ತಿಕ್ಕಿ ಸುಮ್ಮನಾಗುವುದುಂಟು. ಆದರೆ ಪ್ರತಿ ಸಲ ಜಾರಿದಾಗಲೂ ಚಿಪ್ಪಿನ ಹಿಂಬದಿಯ ಮೃದ್ವಸ್ಥಿಗೆ ಪೆಟ್ಟು ಬೀಳಬಹುದು. ಒಮ್ಮೆ ಕೆಟ್ಟ ಮೃದ್ವಸ್ಥಿಯು ಮೊದಲಿನಂತೆ ಮರಳಿ ಬೆಳೆಯದು.

ಮೊದಲ ಸಲ ಜಾರಿದಾಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ. ಕೆಲವು ವಾರಗಳ ಪಟ್ಟಿ, ಬಳಿಕ ವ್ಯಾಯಾಮ ಸಾಕು. ಎಲುಬಿನ ಚೂರು ಕಳಚಿದ್ದರೆ ಅಥವಾ ಚಿಪ್ಪು ಪದೇ ಪದೇ ಜಾರುತ್ತಿದ್ದರೆ ಮಾತ್ರ ಶಸ್ತ್ರ ಬೇಕಾಗುತ್ತದೆ. ದೊಡ್ಡವರಲ್ಲಿ ಚಿಪ್ಪಿನ ರಜ್ಜು ಅಂಟಿರುವ ಎಲುಬಿನ ತುಂಡನ್ನೇ ಕೊಯ್ದು ಒಳಕ್ಕೆ ಸರಿಸುವುದುಂಟು. ಬೆಳೆಯುವ ಮಗುವಿನಲ್ಲಿ ಹೀಗೆ ಮಾಡಲಾಗದು. ಅಲ್ಲಿರುವ ಬೆಳವಣಿಗೆಯ ಪದರವು ಕೆಟ್ಟರೆ ಎಲುಬಿನ ಮುಂಭಾಗ ಬೆಳೆಯದೆ, ಹಿಂಭಾಗ ಮಾತ್ರ ಬೆಳೆದು ಮೊಣಕಾಲು ಹಿಂದಕ್ಕೆ ಬಾಗುತ್ತದೆ. ತೊಡೆಯೆಲುಬಿನ ಉದ್ದದ ಬೆಳವಣಿಗೆಯಲ್ಲಿಯೂ ಸುಮಾರು 70 ಪಾಲು ಅದರ ಕೆಳತುದಿಯ ಪದರದಿಂದಲೇ ಆಗತಕ್ಕದ್ದು.

ಆದುದರಿಂದ ಮಕ್ಕಳ ಶಸ್ತ್ರವೈದ್ಯರು ಬೇರೆ ದಾರಿ ಹಿಡಿದಿದ್ದಾರೆ. ರೂ ಮತ್ತು ಗೋಲ್ಡ್‌ಥ್ವೇಟ್ ಎಂಬವರ ಹೆಸರಿನ ಹಳೆಯ ವಿಧಾನದಲ್ಲಿ ರಜ್ಜುವಿನ ಹೊರ ಅರ್ಧವನ್ನು ಬಿಡಿಸಿ, ಒಳ ಅರ್ಧದ ಅಡಿಯಿಂದ ತಂದು ಒಳಮಗ್ಗುಲಿಗೆ ಹೊಲಿಯುವರು. ಇಂದು ತೊಡೆಯ ಹಿಂಬದಿಯ ರಜ್ಜುವೊಂದನ್ನು ತೆಗೆದು ಒಳಮಗ್ಗುಲಿನ ಅಸ್ಥಿಬಂಧವನ್ನು ಹೊಸದಾಗಿ ಕಟ್ಟುವುದುಂಟು. ಕ್ಷಕಿರಣದ ಸಹಾಯದಿಂದ ಬೆಳವಣಿಗೆಯ ಪದರವನ್ನು ತಪ್ಪಿಸಿ, ಅದರ ಕೆಳಗೆ ರಂಧ್ರ ಕೊರೆಯುತ್ತಾರೆ.

ಬೆಳವಣಿಗೆಯು ತೊಡಕಷ್ಟೇ ಅಲ್ಲ, ಸಾಧನವೂ ಹೌದು. ಮೊಣಕಾಲು ಒಳಕ್ಕೆ ವಾಲಿದ್ದರೆ ಪದರದ ಒಳಬದಿಗೆ ಸಣ್ಣ ಲೋಹದ ಪಟ್ಟಿಯನ್ನು ತಿರುಪಿನಿಂದ ಬಿಗಿಯುವರು. ಒಳಬದಿ ತಡೆದು ನಿಲ್ಲುತ್ತದೆ. ಹೊರಬದಿ ಬೆಳೆದು ಕಾಲು ತಾನೇ ನೇರವಾಗುತ್ತದೆ. ಆ ಬಳಿಕ ಪಟ್ಟಿಯನ್ನು ತೆಗೆದುಬಿಡುತ್ತಾರೆ. ಆದರೆ ಹುಡುಗಿಯರಲ್ಲಿ ಸುಮಾರು 14, ಹುಡುಗರಲ್ಲಿ ಸುಮಾರು 16 ವರ್ಷಕ್ಕೆ ಈ ಬೆಳವಣಿಗೆ ಮುಗಿಯುತ್ತದೆ. ಆಮೇಲೆ ಈ ಉಪಾಯವೂ ಇಲ್ಲ. ಪದೇ ಪದೇ ಬೀಳುವ ಮಗುವನ್ನು ಗದರಿಸುವ ಮೊದಲು ಎಲುಬಿನ ವೈದ್ಯರಿಗೆ ತೋರಿಸುವುದು ಲೇಸು.