ಮಳೆನೀರು ಕುಡಿದ ಘಮದ ಮಣಿಗಳು

ಆಷಾಢದ ಮಳೆ ಹಿಡಿಯಿತೆಂದರೆ ಮನೆಯೊಳಗೆ ಮುಗ್ಗಲು ವಾಸನೆ ಬಂದು ಕೂರುತ್ತದೆ. ಒಣಗದ ಬಟ್ಟೆ, ತೇವ ಹಿಡಿದ ಗೋಡೆ, ಮುಚ್ಚಿಟ್ಟ ಬೀರು ಎಲ್ಲ ಸೇರಿದ ವಾಸನೆ ಅದು. ಸ್ಪ್ರೇ ಹೊಡೆದರೆ ಸ್ವಲ್ಪ ಹೊತ್ತು ಘಾಟು, ಆಮೇಲೆ ಮತ್ತದೇ ಮುಗ್ಗಲು. ನಮ್ಮ ಮನೆಯಲ್ಲಿ ಇದಕ್ಕೆ ಕಂಡುಕೊಂಡ ಮದ್ದು ಗಾಜಿನ ಬಟ್ಟಲಲ್ಲಿ ಹೊಳೆಯುವ ಘಮದ ಮಣಿಗಳು.

ಅಲಂಕಾರದ ಸಾಮಾನು ಮಾರುವ ಅಂಗಡಿಗಳಲ್ಲಿ ‘ವಾಟರ್ ಬೀಡ್ಸ್’ ಎಂದು ಕೇಳಿದರೆ ಪುಟ್ಟ ಪೊಟ್ಟಣ ಕೊಡುತ್ತಾರೆ. ಒಣಗಿದ್ದಾಗ ಸಾಸಿವೆಯಷ್ಟು, ರಾತ್ರಿ ನೀರಿಗೆ ಹಾಕಿಟ್ಟರೆ ಬೆಳಗ್ಗೆ ಗೋಲಿಯಷ್ಟು. ಮಗುವಿನ ಡಯಪರ್ ಒದ್ದೆ ಹಿಡಿದಿಡುವುದೂ ಇದೇ ಜಾತಿಯ ಪಾಲಿಮರ್‌ನಿಂದ. ಮಣ್ಣಿನ ತೇವ ಉಳಿಸುವ ದಾರಿ ಹುಡುಕುತ್ತಿದ್ದ ಅಮೆರಿಕದ ಕೃಷಿ ಇಲಾಖೆ 1960ರ ದಶಕದಲ್ಲಿ ಈ ಬಗೆಯ ವಸ್ತುಗಳ ಮೇಲೆ ಸಂಶೋಧನೆ ನಡೆಸಿತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್ ಕೂಡ ಇದೇ ಬಳಗದ್ದು. ಹೊಲದ ಬೇರಿಗೆ ನೀರುಣಿಸುವ ಗುಣವೇ ಇಲ್ಲಿ ಕೋಣೆಗೆ ಪರಿಮಳ ಉಣಿಸುತ್ತದೆ.

ಮಣಿ ಚೆನ್ನಾಗಿ ಉಬ್ಬಬೇಕಾದರೆ ನೀರು ಮೆದುವಾಗಿರಬೇಕು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಪಾಲಿಮರ್ ಎಳೆಗಳನ್ನು ಬಿಗಿದು ಹಿಡಿಯುತ್ತವೆ; ಮಣಿ ಅರ್ಧಕ್ಕೇ ನಿಲ್ಲುತ್ತದೆ. ಮಳೆನೀರಿನಲ್ಲಿ ಈ ತೊಡಕಿಲ್ಲ. ಮೊದಲ ಮಳೆ ಗಾಳಿಯ ಧೂಳು ತೊಳೆದ ಮೇಲೆ ಅಂಗಳದಲ್ಲಿ ಪಾತ್ರೆಯಿಟ್ಟು ನೀರು ಹಿಡಿಯಿರಿ. ಒಂದು ಚಮಚ ಮಣಿಗೆ ಒಂದು ಲೀಟರ್ ಹಾಕಿ ಆರೆಂಟು ಗಂಟೆ ಬಿಟ್ಟರೆ ಸಾಕು. ಉಳಿದ ನೀರನ್ನು ಸೋಸಿ ತೆಗೆಯಬಹುದು.

ಮೊದಲ ಸಲಕ್ಕೆ ಪನ್ನೀರೇ ಒಳ್ಳೆಯದು. ಮದುವೆಮನೆಯ ಬಾಗಿಲಲ್ಲಿ ಚಿಮುಕಿಸುವ ಅದೇ ಪನ್ನೀರು. ಗುಲಾಬಿಯ ಕಂಪಿನ ಒಂದು ಮುಖ್ಯ ಅಂಶ ನೀರಿನಲ್ಲಿ ಕರಗುವಂಥದ್ದು, ಹಾಗಾಗಿ ಮಳೆನೀರಿಗೆ ಪನ್ನೀರು ಬೆರೆಸಿ ಮಣಿ ನೆನೆಸಿದರೆ ಬೇರೇನೂ ಬೇಡ. ಮಜ್ಜಿಗೆಹುಲ್ಲು, ಲಾವಂಚ ಮುಂತಾದ ಸುಗಂಧ ತೈಲಗಳ ಪಾಡು ಬೇರೆ. ಅವು ನೀರಿನಲ್ಲಿ ಕರಗುವುದಿಲ್ಲ. ಸೋಪು ಮಾಡುವ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಪಾಲಿಸಾರ್ಬೇಟ್-20 ಅನ್ನು ತೈಲದ ನಾಲ್ಕು ಪಟ್ಟು ತೆಗೆದುಕೊಂಡು, ಮೊದಲು ಎರಡನ್ನೂ ಚೆನ್ನಾಗಿ ಕಲಸಿ, ಆಮೇಲೆ ನೀರಿಗೆ ಬೆರೆಸಬೇಕು. ಒಂದು ಬಟ್ಟಲಿಗೆ ಇಪ್ಪತ್ತು ಹನಿ ತೈಲ ಧಾರಾಳ. ಮಜ್ಜಿಗೆಹುಲ್ಲು ಬೇಗ ಹಾರಿಹೋಗುತ್ತದೆ, ಲಾವಂಚ ನಿಧಾನಕ್ಕೆ ಬಿಟ್ಟುಕೊಡುತ್ತದೆ. ಎರಡೂ ಸೇರಿದರೆ ಮೊದಲ ದಿನವೂ ಕಂಪು, ಹತ್ತನೆಯ ದಿನವೂ ಕಂಪು. ಮನೆಯಲ್ಲೇ ಕುದಿಸಿದ ಬೇರಿನ ಕಷಾಯ ಮಾತ್ರ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ.

ಬಟ್ಟಲಿನ ಬಾಯಿಗೆ ತೆಳು ಬಟ್ಟೆ ಕಟ್ಟಿ, ಗಾಳಿಯಾಡುವ ಕಡೆ, ಬಿಸಿಲು ನೇರ ಬೀಳದಂತೆ ಇಡಿ. ನೀರು ಆವಿಯಾದಂತೆಲ್ಲ ಪರಿಮಳವೂ ಜೊತೆಗೇ ಹೊರಡುತ್ತದೆ. ಆದರೆ ಮಣಿ ಗಾಳಿಯನ್ನು ಶುದ್ಧ ಮಾಡುವುದಿಲ್ಲ. ಕಿಟಕಿ ತೆರೆದು, ತೇವ ಒರೆಸಿ, ಮುಗ್ಗಲಿನ ಮೂಲ ತೆಗೆದ ಮೇಲೆ ಕರೆಯಬೇಕಾದ ಅತಿಥಿ ಇದು.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಪುಟ್ಟ ಮಕ್ಕಳೋ ಸಾಕುಪ್ರಾಣಿಯೋ ಇರುವ ಮನೆಗೆ ಈ ಮಣಿ ಬೇಡವೇ ಬೇಡ. ಮಗು ನುಂಗಿದರೆ ಮಣಿ ಕರುಳಿನಲ್ಲಿ ಉಬ್ಬಿ ದಾರಿ ಕಟ್ಟಬಹುದು. ಎಕ್ಸ್‌ರೇಯಲ್ಲಿ ಸುಲಭವಾಗಿ ಕಾಣುವುದೂ ಇಲ್ಲ. ಮಕ್ಕಳ ಆಟಿಕೆಯಾಗಿ ಇದನ್ನು ಮಾರುವುದನ್ನು ನಿಲ್ಲಿಸುವುದಾಗಿ ಅಮೆರಿಕದ ದೊಡ್ಡ ಮಾರಾಟ ಸಂಸ್ಥೆಗಳು 2023ರಲ್ಲಿ ಪ್ರಕಟಿಸಿದವು. ಹಳೆಯ ಮಣಿಯನ್ನು ಸಿಂಕಿಗೂ ಶೌಚಾಲಯಕ್ಕೂ ಸುರಿಯಬಾರದು, ಪೈಪು ಕಟ್ಟಿಕೊಳ್ಳುತ್ತದೆ. ಮಕ್ಕಳ ಕೈಗೆಟುಕದಂತೆ ಒಣಗಿಸಿ ಕಸಕ್ಕೆ ಹಾಕಿ.

ಮಕ್ಕಳಿರುವ ಮನೆಗೆ ಹಿರಿಯರ ದಾರಿಯೇ ಇದೆ. ಒಣಗಿದ ಲಾವಂಚದ ಬೇರನ್ನು ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ ಬೀರುವಿನಲ್ಲಿ ಎತ್ತರದಲ್ಲಿ ತೂಗುಹಾಕಿ.

ಪುಟ್ಟ ಮಕ್ಕಳೂ ಸಾಕುಪ್ರಾಣಿಯೂ ಇಲ್ಲದ ಮನೆಯಾದರೆ ಮಣಿಗಳನ್ನೇ ಇಟ್ಟು ನೋಡಿ. ಕೆಲವು ವಾರಗಳಲ್ಲಿ ಅವು ಮತ್ತೆ ಸಾಸಿವೆಯಾಗಿ ಬಟ್ಟಲಿನ ತಳ ಸೇರುತ್ತವೆ. ಆಗ ಎಸೆಯಬೇಡಿ, ಕಿಟಕಿಯ ಹೊರಗೆ ಪಾತ್ರೆ ಇಡಿ. ಮುಗ್ಗಲು ತಂದ ಮಳೆಯೇ ಮಣಿಗೆ ನೀರನ್ನೂ ತರುತ್ತದೆ.