ಮಂಡಿ ಆಪರೇಷನ್: ಅಕ್ಕನಿಗೆ ಸರಿ, ನನಗೆ ಈಗಲೇ ಬೇಡ

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು. ಮೂರೂವರೆ ಎಕರೆ, ಎಲ್ಲಾ ಮಳೆ ನಂಬಿದ ಜಮೀನು. ರಾಗಿ, ಅವರೆ, ಹುರುಳಿ, ಬದುವಿನಲ್ಲಿ ಒಂದಷ್ಟು ತೆಂಗು. ಮೂವತ್ತೈದು ವರ್ಷ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತಿದ್ದೇನೆ. ಈಗ ವಯಸ್ಸು 54. ಎರಡು ವರ್ಷದಿಂದ ಬಲಮಂಡಿಯ ಒಳಮಗ್ಗುಲಲ್ಲಿ ನೋವು. ಕೂತರೆ ಏಳೋದು ಕಷ್ಟ, ಬದು ಇಳಿಯೋದು ಇನ್ನೂ ಕಷ್ಟ.

ಹೊಳೆನರಸೀಪುರದ ಕಡೆ ಕೊಟ್ಟಿರುವ ನಮ್ಮಕ್ಕನಿಗೆ 68. ಅವಳಿಗೆ ಮಂಡಿ ಬದಲಿಸಿದ್ದಾರೆ. ಮುಂಚೆ ನೋವಿಗೆ ರಾತ್ರಿ ನಿದ್ದೆ ಇರಲಿಲ್ಲ, ಹಿತ್ತಲಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದಳು. ಈಗ ಸಂತೆಗೆ ನಡೆದೇ ಹೋಗಿ ಬರುತ್ತಾಳೆ. ಅವಳನ್ನು ನೋಡಿ ನನಗೂ ಮಾಡಿಸಿಬಿಡೋಣ ಅನಿಸಿತು. ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಮಲಗಿಸಿ ಎಕ್ಸ್‌ರೇ ತೆಗೆದು, ಐದು ನಿಮಿಷದಲ್ಲಿ ‘ಎರಡೂ ಮಂಡಿ ಬದಲಿಸಬೇಕು, ಮುಂದಿನ ವಾರ ಬನ್ನಿ’ ಅಂದರು. ಏನು ಕೆಲಸ ಮಾಡ್ತೀರಿ ಅಂತಲೂ ಕೇಳಲಿಲ್ಲ. ಹಸು ಮಾರುವ ಯೋಚನೆಯಲ್ಲಿದ್ದೆ. ತಡೆದವಳು ಹೆಂಡತಿ: ‘ಎಡಗಾಲು ನೋಯ್ತಾನೇ ಇಲ್ವಲ್ಲ, ಅದನ್ಯಾಕೆ ಕುಯ್ಸ್ಕೋಬೇಕು?’

ಹಾಸನದಲ್ಲಿ ಇನ್ನೊಬ್ಬ ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ನಡೆಸಿ ನೋಡಿದರು, ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಮೈಭಾರ ಬಿದ್ದಾಗಲೇ ಸವೆತ ಸರಿಯಾಗಿ ಕಾಣೋದು. ನನ್ನ ಕಾಲು ಬಿಲ್ಲಿನಂತೆ ಸ್ವಲ್ಪ ಬಾಗಿದೆ, ಭಾರವೆಲ್ಲ ಒಳಮಗ್ಗುಲಿಗೆ. ಅಲೈನ್‌ಮೆಂಟ್ ತಪ್ಪಿದ ಟ್ರ್ಯಾಕ್ಟರಿನ ಟೈರು ಒಂದೇ ಕಡೆ ಸವೆಯುತ್ತಲ್ಲ, ಹಾಗೆ. ಹೊರಮಗ್ಗುಲಿನ ಮೆತ್ತೆ ಇನ್ನೂ ಚೆನ್ನಾಗಿದೆ. ಅರವತ್ತರೊಳಗಿದ್ದು ಮೈಮುರಿದು ದುಡಿಯುವ ಇಂಥವರಿಗೆ, ಮಂಡಿ ಕೆಳಗಿನ ಮೂಳೆ ಕೊಯ್ದು ಕಾಲು ನೇರ ಮಾಡಿ ಪ್ಲೇಟು ಹಾಕುವ ಆಪರೇಷನ್ ಉಂಟು. ಸ್ವಂತ ಮಂಡಿ ಉಳಿಯುತ್ತೆ. ಮೂಳೆ ಕೂಡಲು ಮಾತ್ರ ತಿಂಗಳುಗಟ್ಟಲೆ ಬೇಕು, ಬೀಡಿ ಸೇದುವವರಿಗೆ ಇನ್ನೂ ತಡ. ನಾನು ಬಿಟ್ಟೆ. ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೆಳೆಯುವ ನೆಂಟರು ಬೇಜಾರಾಗಬಾರದು.

ಅಕ್ಕನ ಎಕ್ಸ್‌ರೇ ಬೇರೆಯೇ. ಸಂದು ಪೂರ್ತಿ ಮುಚ್ಚಿ ಮೂಳೆಗೆ ಮೂಳೆ ತಾಗಿತ್ತು. ಗುಳಿಗೆ, ವ್ಯಾಯಾಮ ಎಲ್ಲ ಮಾಡಿ ಮುಗಿದಿತ್ತು. ಆದರೂ ಅವಸರ ಮಾಡಲಿಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬರುವ ತನಕ ಕಾಯಿಸಿದರು, ಕೊಳೆತ ಹಲ್ಲು ಕೀಳಿಸಿದರು, ಪಾದದ ಹುಣ್ಣು ಮಾಯಲಿ ಅಂದರು. ಕೀವು ಲೋಹದ ಮಂಡಿಗೆ ಇಳಿದರೆ ಅದನ್ನೇ ತೆಗೆಯಬೇಕಾಗಬಹುದು. ಈಗ ಅವಳು ಕುಕ್ಕರಗಾಲಲ್ಲಿ ಕೂರೋಲ್ಲ. ಊಟಕ್ಕೆ ಕುರ್ಚಿ, ಪಾಯಿಖಾನೆಗೆ ಕಮೋಡು. ಕಳೆ ಕೀಳೋದು ಸೊಸೆಯ ಪಾಲಿಗೆ. 68ಕ್ಕೆ ಅದು ನಡೆಯುತ್ತೆ, ನನಗೆ ನಡೆಯೋಲ್ಲ.

ಹಾಕಿದ ಮಂಡಿಯೂ ಸವೆಯುತ್ತೆ. ಬ್ರಿಟನ್ನಿನ ಲೆಕ್ಕವೊಂದು 2017ರಲ್ಲಿ ಬಂತು. 70 ದಾಟಿ ಮಾಡಿಸಿಕೊಂಡವರಲ್ಲಿ ಮತ್ತೆ ಆಪರೇಷನ್ ಬೇಕಾಗುವುದು ನೂರಕ್ಕೆ ಸುಮಾರು 5 ಜನಕ್ಕೆ. ಐವತ್ತರ ಹೊಸ್ತಿಲಲ್ಲಿ ಮಾಡಿಸಿಕೊಂಡ ಗಂಡಸರಲ್ಲಿ ಅದು ನೂರಕ್ಕೆ 35ರಷ್ಟು.

ದುಡ್ಡಿನ ವಿಷಯ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೆಚ್ಚು ಬಳಕೆಯಲ್ಲಿರುವ ಲೋಹದ ಮಂಡಿಗೆ ತೆರಿಗೆ ಬಿಟ್ಟು 54,720 ರೂ. ಮಿತಿ ಹಾಕಿತು. ಅದು ಸಾಮಾನಿನ ಬೆಲೆ ಮಾತ್ರ, ಆಸ್ಪತ್ರೆ ಖರ್ಚು ಬೇರೆ. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನಿಮ್ಮ ಆಪರೇಷನ್ ಎಲ್ಲಿ ಅದರೊಳಗೆ ಬರುತ್ತೆ ಅಂತ ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಸದ್ಯಕ್ಕೆ ನಾನು ತೊಡೆ ಗಟ್ಟಿಯಾಗುವ ವ್ಯಾಯಾಮ ಮಾಡುತ್ತಿದ್ದೇನೆ. ಮುದ್ದೆ ಒಂದು ಕಮ್ಮಿ ಮಾಡಿ ನಾಲ್ಕು ಕೆ.ಜಿ. ಇಳಿದಿದ್ದೇನೆ. ಈ ಸಲ ರಾಗಿಯನ್ನು ಸಾಲು ಹಿಡಿದು ಬಿತ್ತಿ ಸೈಕಲ್ ಕುಂಟೆ ಹೊಡೆದೆ, ನಿಂತೇ ಕಳೆ ಆಯಿತು. ನೋವು ಅರ್ಧ ಇಳಿದಿದೆ. ಕಾಲು ನೇರ ಮಾಡಿಸೋದೋ ಬೇಡವೋ ಸುಗ್ಗಿ ಆದ ಮೇಲೆ ನೋಡಬೇಕು. ಮಾಡಿಸಿದರೆ ಹಸು ನೋಡಿಕೊಳ್ಳಲು ಮಗ ಬೆಂಗಳೂರಿನಿಂದ ಬರಬೇಕು. ಕೇಳಿದ್ದೇನೆ, ಇನ್ನೂ ಹೂಂ ಅಂದಿಲ್ಲ.